ಅಪ್‌ಡೇಟ್: ಬಿಡುಗಡೆಯ ಕೀಲಿ ಈಗ ಒಬ್ಬರ ಕೈಯಲ್ಲಿಲ್ಲ

ನುಡಿ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸುವ ನಮ್ಮ ಪೈಥಾನ್ ಲೈಬ್ರರಿಯನ್ನು ಪೈಪಿಐಗೆ (ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರ) ಏರಿಸುವ ಟೋಕನ್ (ಪಾಸ್‌ವರ್ಡ್‌ನಂತಹ ಗುಪ್ತ ಕೀಲಿ) ಒಬ್ಬರ ಲ್ಯಾಪ್‌ಟಾಪಿನಲ್ಲಷ್ಟೇ ಇದೆ, ಅವರಿಗೆ ಬಿಡುವಿಲ್ಲದಾಗ ಬಿಡುಗಡೆಯೇ ನಿಂತುಹೋಗುತ್ತದೆ, ಏನು ಮಾಡಬೇಕು ಎಂದು ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ, ಟೋಕನ್ ಹಂಚಿಕೊಳ್ಳುವ ಬದಲು, ಪೈಪಿಐ 2023ರಲ್ಲಿ ಆರಂಭಿಸಿದ ಟ್ರಸ್ಟೆಡ್ ಪಬ್ಲಿಷಿಂಗ್ ವ್ಯವಸ್ಥೆಯನ್ನು ಅಳವಡಿಸಿಕೊಂಡೆವು. ಈಗ ಗಿಟ್‌ಹಬ್‌ನಲ್ಲಿ ಟ್ಯಾಗ್ (ಆವೃತ್ತಿಯ ಗುರುತು) ಹಾಕಿದೊಡನೆ ವರ್ಕ್‌ಫ್ಲೋ (ತಾನಾಗಿ ನಡೆಯುವ ಕೆಲಸಗಳ ಸರಣಿ) ಚಾಲನೆಗೊಂಡು, ನಿರ್ವಾಹಕರಲ್ಲಿ ಇನ್ನೊಬ್ಬರು ಒಪ್ಪಿಗೆ ಕೊಟ್ಟ ಮೇಲೆ, 15 ನಿಮಿಷ ಮಾತ್ರ ಬಾಳುವ ತಾತ್ಕಾಲಿಕ ಟೋಕನ್ ಪಡೆದು ಪ್ಯಾಕೇಜನ್ನು ಏರಿಸುತ್ತದೆ. ಹಳೆಯ ಟೋಕನ್ ರದ್ದಾಗಿದೆ.

ಮೊದಲು ಟೆಸ್ಟ್‌ಪೈಪಿಐಗೆ (ಪ್ರಯೋಗಕ್ಕೆಂದೇ ಇರುವ ಪ್ರತ್ಯೇಕ ಪೈಪಿಐ) ಏರಿಸಿ ನೋಡಿ ಎಂಬ ಸಲಹೆಯೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಅಲ್ಲಿಂದ ಇಳಿಸಿಕೊಂಡು ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಪ್ರತ್ಯೇಕವಾದ ಪೈಥಾನ್ ಪರಿಸರ) ಇನ್‌ಸ್ಟಾಲ್ ಮಾಡಿದಾಗ ಇಂಪೋರ್ಟ್ ಸರಿಯಾಗಿಯೇ ಆಯಿತು, ಆದರೆ ಮೊದಲ ಸಾಲನ್ನು ಪರಿವರ್ತಿಸಹೊರಟಾಗ ಕಡತ ಸಿಗುತ್ತಿಲ್ಲ ಎಂಬ ಎರರ್ ಬಂತು. ವೀಲ್ (ಇನ್‌ಸ್ಟಾಲ್ ಮಾಡಲು ಸಿದ್ಧವಾದ ಪ್ಯಾಕೇಜ್ ಕಡತ) ಎಂಬುದು ಮೂಲತಃ ಜಿಪ್ ಕಡತವೇ ಆದ್ದರಿಂದ ಬಿಚ್ಚಿ ನೋಡಿದೆವು: ಪೈಥಾನ್ ಕಡತಗಳೆಲ್ಲ ಇದ್ದವು, ಅಕ್ಷರ ಹೊಂದಾಣಿಕೆಯ ಜೇಸನ್ ಕಡತ ಮಾತ್ರ ಇರಲಿಲ್ಲ. ಸಂರಚನಾ ಕಡತದ ಪ್ಯಾಕೇಜ್-ಡೇಟಾ ವಿಭಾಗದಲ್ಲಿ ಅದನ್ನು ಸೇರಿಸಿದ ಮೇಲೆ ಸರಿಹೋಯಿತು. ಒಮ್ಮೆ ಏರಿಸಿದ ಕಡತದ ಹೆಸರನ್ನು, ಅದನ್ನು ಅಳಿಸಿದರೂ, ಪೈಪಿಐ ಮತ್ತೆ ಬಳಸಗೊಡುವುದಿಲ್ಲ (ನನಗೆ ಇದು ನ್ಯಾಯವಾದ ನಿಯಮವೆಂದೇ ತೋರುತ್ತದೆ); ಹಾಗಾಗಿ ನೇರವಾಗಿ ಪೈಪಿಐಗೇ ಏರಿಸಿದ್ದರೆ ಒಂದು ಆವೃತ್ತಿ ಸಂಖ್ಯೆ ವ್ಯರ್ಥವಾಗುತ್ತಿತ್ತು.

ಬದಲಾವಣೆಗಳ ಪಟ್ಟಿಯನ್ನು ಕನ್ನಡದಲ್ಲೂ ಬರೆಯಬೇಕೇ ಎಂಬುದಷ್ಟೇ ಇನ್ನೂ ತೀರ್ಮಾನವಾಗಿಲ್ಲ.