ಕುರುಚಲು ಕಾಡಿನಲ್ಲಿ ಪಾಳು ಕಟ್ಟಡ: ಯಾವ ಕಾಲದ್ದು, ಒಳಗೆ ಹೋಗಬಹುದಾ?

ಬೆಟ್ಟದಂಚು (ಪ್ರಶ್ನೆ)

ಕೊರಟಗೆರೆ ತಾಲ್ಲೂಕು. ಗೋಮಾಳ ಮುಗಿದು ಕುರುಚಲು ಕಾಡು ಶುರುವಾಗುವ ಕಡೆ ಲಂಟಾನದ ಪೊದೆಯೊಳಗೆ ಒಂದು ಪಾಳು ಕಟ್ಟಡ ಇದೆ. ಗೂಗಲ್ ಮ್ಯಾಪಿನಲ್ಲಿ ಬರೀ ಹಸಿರು ಕಾಣುತ್ತೆ. ಹೊರ ಅಳತೆ ಸುಮಾರು 22 ಅಡಿಗೆ 14 ಅಡಿ. ಗೋಡೆ ಎರಡಡಿ ದಪ್ಪ: ಕಾಡುಗಲ್ಲು, ಸಂದಿಗೆ ಕೆಮ್ಮಣ್ಣು, ಮುಂಭಾಗಕ್ಕೆ ಮಾತ್ರ ಗಾರೆ. ಮುಂದಿನ ಅಂಕಣಕ್ಕೆ ಮಂಗಳೂರು ಹೆಂಚು, ಅರ್ಧ ಬಿದ್ದಿದೆ. ಹಿಂದಿನ ಕೋಣೆಗೆ ಮರದ ತೊಲೆ ಕೊಟ್ಟು ಮಟ್ಟಸ ತಾರಸಿ ಹಾಕಿದ್ದಾರೆ, ಅದರ ಮೇಲೆ ಅರಳಿ ಬೆಳೆದಿದೆ. ತೊಲೆಗಳು ಕೆಳಗಿಂದ ಗಟ್ಟಿಯಾಗೇ ಕಾಣ್ತವೆ.

ಬಿದ್ದ ಹೆಂಚಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ಹಾಗಾದರೆ ಇದು ಬ್ರಿಟಿಷರ ಶಿಕಾರಿ ಬಂಗ್ಲೆಯಾ? ಮೂವತ್ತು ಹೆಜ್ಜೆ ಆಚೆ ನೆಲದಲ್ಲಿ ದುಂಡನೆಯ ತೂತಿದೆ. ಬಾಯಿ ಎರಡಡಿ, ಮುಚ್ಚಿದ್ದ ಚಪ್ಪಡಿ ಅರ್ಧ ಸರಿದಿದೆ, ಟಾರ್ಚ್ ಬಿಟ್ಟರೆ ಒಳಗೆ ಅಗಲವಾಗುತ್ತಾ ಹೋಗುತ್ತೆ. ಸುರಂಗ ಅಂತಾರೆ ಸುತ್ತಲಿನವರು. ನಡುಮನೆಯಲ್ಲಿ ಮೂರಡಿ ಗುಂಡಿ, ಹಸಿ ಮಣ್ಣು, ಪಕ್ಕದಲ್ಲಿ ಕುಯ್ದ ನಿಂಬೆಹಣ್ಣು.

ನಾಲ್ಕು ಜನ ಹೋಗಿ ಪೊದೆ ಸವರಿ, ಒಳಗೆ ಫೋಟೊ ತೆಗೆದು, ಸುರಂಗಕ್ಕೆ ಹಗ್ಗ ಬಿಟ್ಟು ನೋಡುವ ಯೋಚನೆ. ಏನೇನು ಒಯ್ಯಬೇಕು?

ಗಾರೆಗಚ್ಚು

ಮೊದಲು ಹೆಂಚಿನ ವಿಷಯ. 1865 ಅನ್ನೋದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪಾದ್ರಿಗಳ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದ ಇಸವಿ. ಆಮೇಲೆ ದಶಕಗಟ್ಟಲೆ ಅದನ್ನೇ ಅಚ್ಚು ಹಾಕಿದರು. ಅದನ್ನು ನೋಡಿ ಕಟ್ಟಡದ ವಯಸ್ಸು ಹೇಳೋದು, ಬಿಸ್ಕತ್ತಿನ ಪೊಟ್ಟಣದ ಮೇಲೆ ಕಂಪನಿಯ ಇಸವಿ ನೋಡಿ ಬಿಸ್ಕತ್ತು ಹಳೇದು ಅಂದ ಹಾಗೆ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿಯ ಕೈಗೆ ಹೋದವು. ಹಾಗಾಗಿ ಬೇರೆ ಹೆಂಚುಗಳನ್ನೂ ಮಗುಚಿ ನೋಡಿ, ಬರಿಗೈಯಲ್ಲಿ ಅಲ್ಲ, ಕೋಲಿನಿಂದ. ಟ್ರಸ್ಟಿನ ಹೆಸರು ಸಿಕ್ಕರೆ ಆ ಹೆಂಚು 1920ರ ಈಚಿನದು. ಆಗಲೂ ಹೆಂಚಿನ ವಯಸ್ಸು ಮಾಡಿನ ವಯಸ್ಸೇ ಹೊರತು ಗೋಡೆಯದ್ದಲ್ಲ. ಮಣ್ಣು ಸಂದಿಯ ಕಾಡುಗಲ್ಲಿನ ಗೋಡೆಗೆ ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸಿರೋದು ನಮ್ಮ ಕಡೆ ಸಾಮಾನ್ಯ.

ನೆಲಕ್ಕೆ ಬಿದ್ದ ಗಾರೆಯ ತುಂಡನ್ನು ಮೊಳೆಯಿಂದ ಕೆರೆದು ನೋಡಿ. ಬಿಳಿಯಾಗಿ, ಇಲ್ಲಾ ಸುರ್ಕಿ (ಇಟ್ಟಿಗೆಪುಡಿ) ಬೆರೆತು ನಸುಗೆಂಪಾಗಿ ಪುಡಿಪುಡಿ ಉದುರಿದರೆ ಸುಣ್ಣ. ಬೂದು ಬಣ್ಣ ಇದ್ದು ಮೊಳೆಯೇ ಜಾರಿದರೆ ಸಿಮೆಂಟು, ಅಂದರೆ ಯಾರೋ ಈಚೆಗೆ ರಿಪೇರಿ ಮಾಡಿಸಿದ್ದಾರೆ.

ಇನ್ನು ಆ ಹಿಂದಿನ ಕೋಣೆ. ತೊಲೆ ಗಟ್ಟಿಯಾಗಿ ಕಾಣುತ್ತೆ ಅಂದಿರಲ್ಲ, ನಾನು ಹೆದರೋದು ಅದಕ್ಕೇ. ನೀವು ಹೇಳ್ತಿರೋದು ಮದ್ರಾಸ್ ತಾರಸಿ ಇದ್ದ ಹಾಗಿದೆ: ಒಂದೂವರೆ ಅಡಿಗೊಂದು ತೊಲೆ, ಮೇಲೆ ಒಂದಂಗುಲ ದಪ್ಪದ ಸಣ್ಣ ಇಟ್ಟಿಗೆಗಳನ್ನು ಪಕ್ಕೆಯ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂರಿಸಿದ್ದು, ಅದರ ಮೇಲೆ ಮೂರು ನಾಲ್ಕು ಅಂಗುಲ ಇಟ್ಟಿಗೆಚೂರಿನ ಗಾರೆ. ಒಣಗಿದ್ದಾಗಲೇ ಚದರಡಿಗೆ 35 ಕಿಲೊ ಆಸುಪಾಸು ಭಾರ, ನೆನೆದರೆ ಇನ್ನೂ ಹೆಚ್ಚು. ಅರಳಿಯ ಬೇರು ಸುಣ್ಣದ ಸಂದಿ ಹಿಡಿದು ಇಳಿಯುತ್ತೆ, ಅದೇ ದಾರಿಯಲ್ಲಿ ನೀರು. ಕೊಳೆಯೋದು ನಿಮಗೆ ಕಾಣುವ ನಡುತೊಲೆ ಅಲ್ಲ, ಗೋಡೆಯೊಳಗೆ ಹುದುಗಿರುವ ಆರೆಂಟು ಅಂಗುಲದ ತುದಿ. ಅದು ಪುಡಿಯಾದ ದಿನ ಇಡೀ ತಾರಸಿ ಒಟ್ಟಿಗೆ ಕೂರುತ್ತೆ, ಲಟಲಟ ಸದ್ದಿನ ಸೂಚನೆಯೂ ಸಿಗದೇ ಇರಬಹುದು. ಮಳೆ ನಿಂತ ಮೇಲಿನ ದಿನಗಳಲ್ಲೂ ಈ ಭಯ ಹೋಗಲ್ಲ. ಆ ಕೋಣೆಗೆ ಹೋಗಲೇಬೇಡಿ, ಹೆಲ್ಮೆಟ್ ಹಾಕಿಕೊಂಡೂ.

ದಾರಕ್ಕೊಂದು ಕಲ್ಲು ಕಟ್ಟಿ ಇಳಿಬಿಟ್ಟು, ದೂರದಿಂದ ಅದರ ನೇರಕ್ಕೆ ಗೋಡೆ ನೋಡಿ. ಹೊಟ್ಟೆ ಬಿಟ್ಟಿದ್ದರೆ ಒಳಗಿನ ಮಣ್ಣು ತೊಳೆದುಹೋಗಿದೆ ಅಂತ. ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರದಲ್ಲೇ ನಿಂತು ಫೋಟೊ ತೆಗೀರಿ. ಪೊದೆ ಸವರುವಾಗ ಅರಳಿಯ ಬೇರಿಗೆ ಕೈ ಹಾಕಬೇಡಿ. ಗೋಡೆ ಒಡೆದಿದ್ದೂ ಅದೇ, ಈಗ ಹಿಡಿದಿರೋದೂ ಅದೇ.

ಕಾರೆಹಣ್ಣು

ಮಧುಗಿರಿ, ಕೊರಟಗೆರೆ ಗುಡ್ಡಗಳಲ್ಲಿ ಕರಡಿ, ಚಿರತೆ ಎರಡೂ ಇವೆ. ‘ಮಟಮಟ ಮಧ್ಯಾಹ್ನ ಹೋದರೆ ಸೇಫು’ ಅನ್ನೋದು ತಪ್ಪು ಲೆಕ್ಕ. ಕರಡಿ ರಾತ್ರಿ ತಿರುಗಿ ಬಿಸಿಲು ಹೊತ್ತಿಗೆ ತಂಪಾದ ಕತ್ತಲೆ ಜಾಗ ನೋಡಿ ಮಲಗುತ್ತೆ, ಅಂದರೆ ನಿಮ್ಮ ಹಿಂದಿನ ಕೋಣೆಯಂಥದ್ದು. ಇರೋದು ಒಂದೇ ಬಾಗಿಲು, ಅದರಲ್ಲಿ ನೀವು ನಿಂತಿದ್ದರೆ ಅದು ನಿಮ್ಮ ಮೇಲೇ ಬರಬೇಕು.

ಮೊದಲು ಸುತ್ತ ನೋಡಿ. ಅಗೆದು ತೆರೆದ ಹುತ್ತ, ಜೀರುಂಡೆಯ ರೆಕ್ಕೆಚಿಪ್ಪು, ಎಲಚಿ, ಕಾರೆ ಬೀಜ ತುಂಬಿದ ಲದ್ದಿ ಇದ್ದರೆ ಕರಡಿ. ಕೂದಲು, ಮೂಳೆಚೂರು ಸೇರಿ ಹುರಿಯಂತಿರುವ ಹಿಕ್ಕೆ ಇದ್ದರೆ ಚಿರತೆ. ಎರಡರಲ್ಲಿ ಯಾವುದೇ ಹಸಿಯಾಗಿದ್ದರೂ ಅವತ್ತಿಗೆ ವಾಪಸ್. ಮಾತಾಡುತ್ತಾ, ಕೋಲು ಬಡಿಯುತ್ತಾ ಹೋಗಿ.

ಬಿದ್ದ ಹೆಂಚಿನ ರಾಶಿ ಅಂದರೆ ಇಲಿ, ಓತಿಕ್ಯಾತ. ಅವುಗಳ ಹಿಂದೆ ನಾಗರ, ಕೊಳಕುಮಂಡಲ. ಕಾಲಿಗೆ ಗಮ್‌ಬೂಟು ಇರಲಿ. ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಹೀರೋದು ಯಾವುದೂ ಬೇಡ. ಉಂಗುರ, ವಾಚು ಬಿಚ್ಚಿಸಿ, ಆ ಕೈಕಾಲು ಅಲ್ಲಾಡದ ಹಾಗೆ ಕೋಲು ಸೇರಿಸಿ ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತುಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ. ಅಲ್ಲಿ ಸಿಗ್ನಲ್ ಎಲ್ಲಿವರೆಗೆ ಇದೆ ಅಂತ ಹೋಗುವಾಗಲೇ ಗುರುತು ಮಾಡಿಕೊಳ್ಳಿ.

ಬಾವಲಿ ಇದ್ದರೆ ಅದರ ಹಿಕ್ಕೆ ಧೂಳಿನಲ್ಲಿ ಶ್ವಾಸಕೋಶಕ್ಕೆ ಹತ್ತುವ ಶಿಲೀಂಧ್ರ ಇರಬಹುದು. ಕರ್ಚೀಫು ಸಾಲದು, ಎನ್-95 ಬೇಕು. ಹೆಜ್ಜೇನು ಕಂಡರೆ ಡ್ರೋನ್ ಹಾರಿಸುವ ಆಸೆ ಬಿಡಿ, ಅದರ ಸದ್ದಿಗೇ ಏಳುತ್ತವೆ.

ಬೆಟ್ಟದಂಚು

ಹಿಂದಿನ ಕೋಣೆ ಕೈಬಿಟ್ಟೆ ಸರ್. ಸುರಂಗ? ಬಾಯಿಯ ಒಳಗಡೆ ಗೋಡೆಗೆ ಕಲ್ಲು ಕಟ್ಟಿಲ್ಲ, ಬರೀ ಗರಸು ಮಣ್ಣು, ನುಣ್ಣಗಿದೆ. ಹತ್ತಿರದಲ್ಲೇ ಹುಣಸೆಮರ ಎರಡು, ಒಂದು ಒರಳು, ಸಾಲಾಗಿ ಕಳ್ಳಿ.

ಪಹಣಿಪತ್ರ

ನೀವು ಹೇಳಿದ್ದು ಸುರಂಗ ಅಲ್ಲ ಕಣ್ರೀ, ಹಗೇವು. ರಾಗಿ ತುಂಬಿಡುವ ನೆಲಗುಂಡಿ. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಗುಡಾಣದ ಹಾಗೆ. ನೀರು ನಿಲ್ಲದ ಗಟ್ಟಿ ಗರಸಿನಲ್ಲೇ ತೋಡೋದು. ಅಡಿಗೆ, ಪಕ್ಕಕ್ಕೆ ಹುಲ್ಲು ಕೊಟ್ಟು ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದೆ ಹುಳ ಸಾಯುತ್ತೆ, ರಾಗಿ ವರ್ಷಗಟ್ಟಲೆ ಕೆಡಲ್ಲ. ಹುಳ ಕೊಂದ ಗಾಳಿ ಮನುಷ್ಯನನ್ನೂ ಬಿಡಲ್ಲ. ಖಾಲಿ ಹಗೇವಿನಲ್ಲೂ ಬಿದ್ದ ಸೊಪ್ಪುಸದೆ ಕೊಳೆತು ಆಮ್ಲಜನಕ ತಿಂದಿರುತ್ತೆ, ಇಂಗಾಲದ ಡೈಆಕ್ಸೈಡ್ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತೆ. ದೀಪ ಇಳಿಬಿಟ್ಟಾಗ ಆರಿದರೆ ಇಳಿಯಬಾರದು. ಆರದಿದ್ದರೂ ಇಳಿಯಬಹುದು ಅಂತ ಅರ್ಥ ಅಲ್ಲ. ಇಂಥ ಗುಂಡಿಗಳಲ್ಲಿ ಒಬ್ಬ ಬಿದ್ದರೆ ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಹಗ್ಗಕ್ಕೆ ಕ್ಯಾಮೆರಾ ಕಟ್ಟಿ ಬಿಡಿ, ಮನುಷ್ಯ ಬೇಡ.

ಶಿಕಾರಿ ಬಂಗ್ಲೆಗೆ ಹಗೇವು ಯಾಕೆ ಬೇಕು? ಹುಣಸೆ, ಒರಳು, ಬೇಲಿಯ ಕಳ್ಳಿ ಸಾಲು ಸೇರಿಸಿದರೆ ಅದೊಂದು ಊರೇ ಇದ್ದ ಹಾಗಿದೆ. ದಾಖಲೆಯಲ್ಲಿ ಇಂಥವನ್ನು ಬೇಚರಾಕ್ ಗ್ರಾಮ ಅಂತಾರೆ, ‘ಬೇ ಚಿರಾಗ್’, ದೀಪ ಹಚ್ಚೋರು ಇಲ್ಲದ್ದು. 1876-78ರ ಧಾತು, ಈಶ್ವರ ಸಂವತ್ಸರದ ಬರ, 1898ರಿಂದ ಪ್ಲೇಗು, ಬತ್ತಿದ ಬಾವಿ, ನಮ್ಮ ಸೀಮೆಯಲ್ಲಿ ಊರು ಬಿಡಲು ಕಾರಣಕ್ಕೆ ಬರವಿರಲಿಲ್ಲ. ಊರು ಅಂದ ಮೇಲೆ ಬಾವಿಯೂ ಇರಲೇಬೇಕು, ಲಂಟಾನ ಅದರ ಬಾಯಿ ಮುಚ್ಚಿರುತ್ತೆ. ಉದ್ದ ಕೋಲಿನಿಂದ ನೆಲ ಚುಚ್ಚದೆ ಪೊದೆಯೊಳಗೆ ಹೆಜ್ಜೆ ಇಡಬೇಡಿ.

ಖಾತ್ರಿ ಮಾಡಿಕೊಳ್ಳೋದು ಹೀಗೆ. ಸ್ಥಳದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆಗೆದರೆ ಸರ್ವೆ ನಂಬರ್ ಬರುತ್ತೆ. ಅದರ ಪಹಣಿ ತೆಗೆದು 9ನೇ ಕಾಲಂ ನೋಡಿ: ಗೋಮಾಳವೋ, ಅರಣ್ಯವೋ, ಖಾಸಗಿಯೋ ತಿಳಿಯುತ್ತೆ. ಗ್ರಾಮ ನಕ್ಷೆಯಲ್ಲಿ ಅಲ್ಲೇ ಹಳೇ ಗ್ರಾಮಠಾಣಾ, ಅಂದರೆ ಊರಿನ ಮನೆಗಳಿದ್ದ ಜಾಗದ ಗುರುತಿದ್ದರೆ ಮುಗೀತು. ಶಾಸನದ ಕಲ್ಲು ಸಿಕ್ಕರೆ, ಶಾಸನಗಳನ್ನು ಒಟ್ಟುಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತುಮಕೂರು ಜಿಲ್ಲೆಯದು. 1904ರದ್ದಾದ್ದರಿಂದ ಮಧುಗಿರಿಯನ್ನು ಮದ್ದಗಿರಿ ಅಂತ ಹುಡುಕಬೇಕು. ಅಕ್ಷರದ ಮೇಲೆ ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಸಂಜೆಯ ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ತಾನೇ ಎದ್ದು ಕಾಣುತ್ತೆ.

ಅರಣ್ಯ ಅಂತ ಬಂದರೆ ವಲಯ ಅರಣ್ಯಾಧಿಕಾರಿಯ ಅನುಮತಿ ಇಲ್ಲದೆ ಹೋಗೋದೂ ತಪ್ಪು, ಪೊದೆ ಕಡಿಯೋದೂ ತಪ್ಪು. 1963ರ ಅರಣ್ಯ ಕಾಯ್ದೆ ಲಂಟಾನ ಅಂತ ರಿಯಾಯಿತಿ ಕೊಡಲ್ಲ.

ಕೊನೆಗೆ ಆ ಗುಂಡಿ. ನಿಂಬೆಹಣ್ಣು, ಹಸಿ ಮಣ್ಣು ಅಂದರೆ ನಿಧಿಗಳ್ಳರು. ಅವರು ಮತ್ತೆ ರಾತ್ರಿ ಬರುತ್ತಾರೆ, ನಿಮ್ಮ ಬೂಟಿನ ಗುರುತು ಅಲ್ಲಿ ಇರೋದು ನಿಮಗೇ ತೊಂದರೆ. ಗುಂಡಿ ಮುಚ್ಚದೆ, ಏನನ್ನೂ ಎತ್ತದೆ, ಹೊರಗಿಂದಲೇ ಫೋಟೊ ತೆಗೆದು 112ಕ್ಕೆ ತಿಳಿಸಿ. ಅರಣ್ಯ ಆಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ. ಅಕಸ್ಮಾತ್ ನಾಣ್ಯ ಗೀಣ್ಯ ಕಣ್ಣಿಗೆ ಬಿದ್ದರೆ ಅದು 1962ರ ನಿಧಿ ಕಾಯ್ದೆಗೆ ಸೇರುತ್ತೆ, ಜಿಲ್ಲಾಧಿಕಾರಿಗೆ ತಿಳಿಸಬೇಕು, ಜೇಬಿಗಲ್ಲ.

ಬೆಟ್ಟದಂಚು

ದಿಶಾಂಕ್ ನೋಡಿದೆ, ಸರ್ಕಾರಿ ಗೋಮಾಳ ಅಂತಿದೆ. ಗ್ರಾಮ ನಕ್ಷೆ ಇನ್ನೂ ಸಿಕ್ಕಿಲ್ಲ. ಗುಂಡಿ ವಿಷಯ 112ಕ್ಕೆ ಹೇಳಿದ್ದೀನಿ. ಹಗೇವಿನ ಚಪ್ಪಡಿ ನಾವೇ ಎಳೆದು ಮುಚ್ಚಬಹುದಾ?

ಗಾರೆಗಚ್ಚು

ಬೇಡ. ಬಾಯಂಚಿನ ಗರಸು ಎಷ್ಟು ಸಡಿಲ ಆಗಿದೆಯೋ, ನಾಲ್ಕು ಜನ ಒಂದೇ ಕಡೆ ನಿಂತು ಎಳೆದರೆ ಅಂಚೇ ಕುಸಿಯಬಹುದು. ಪಂಚಾಯ್ತಿಗೆ ಅರ್ಜಿ ಕೊಡಿ. ಅಲ್ಲಿವರೆಗೆ ಆರಡಿ ದೂರಕ್ಕೆ ಸುತ್ತ ಒಣಗಿದ ಜಾಲಿಮುಳ್ಳು ಹಾಕಿ. ಕುರಿ ಮೇಯಿಸೋರಿಗೂ ಒಂದು ಮಾತು ಹೇಳಿ.