ಸಹಾಯ ಬೇಕು: ಸ್ಟ್ರೋಕ್ ಆದವರಿಗೆ ಆಕ್ಯುಪೇಷನಲ್ ಥೆರಪಿ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಸ್ಟ್ರೋಕ್ ಆಗಿ ಅಪ್ಪನ ಎಡಗೈ, ಎಡಗಾಲು ಸೋತಿವೆ. ಫಿಸಿಯೋಥೆರಪಿಯಿಂದ ಈಗ ಕೋಲು ಹಿಡಿದು ನಡೆಯುತ್ತಾರೆ, ಅದು ದೊಡ್ಡ ಸಮಾಧಾನ. ಆದರೆ ಗುಂಡಿ ಹಾಕಲು, ಸ್ನಾನ ಮಾಡಲು ಆಗುತ್ತಿಲ್ಲ. ತಟ್ಟೆಯ ಎಡಭಾಗದ ಊಟ ಹಾಗೇ ಉಳಿಯುತ್ತದೆ. ಕಣ್ಣಿಗೆ ಏನೂ ಆಗಿಲ್ಲ, ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಎಡಗಡೆ ಗಮನವೇ ಹೋಗದಿರಬಹುದು ಅಂತ ಡಾಕ್ಟರ್ ಹೇಳಿದರು.

ಆಸ್ಪತ್ರೆಯಲ್ಲಿ ಒಬ್ಬರು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಅಭ್ಯಾಸ ಮಾಡಿಸುವವರು, ಅಪ್ಪನನ್ನು ನೋಡಿದ್ದರು. ಮೊದಲು ಕೇಳಿದ್ದೇ, "ನಿಮಗೆ ಯಾವ ಕೆಲಸ ನೀವೇ ಮಾಡಿಕೊಳ್ಳಬೇಕು ಅನ್ನಿಸುತ್ತೆ?" ಅಂತ. ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ ಅಂತ ತೋರಿಸಿಕೊಟ್ಟರು. ಸಣ್ಣ ವಿಷಯ ಅನ್ನಿಸಬಹುದು, ಆದರೆ ಆವತ್ತಿನಿಂದ ಅಪ್ಪ ಗುಂಡಿಯೊಂದು ಬಿಟ್ಟು ಅಂಗಿ ತಾವೇ ಹಾಕಿಕೊಳ್ಳುತ್ತಾರೆ, ಪ್ರತಿಯೊಂದಕ್ಕೂ ಅಮ್ಮನನ್ನು ಕರೆಯಬೇಕಲ್ಲ ಅನ್ನುವ ಸಂಕೋಚವೂ ಕಡಿಮೆಯಾಗಿದೆ.

ನೆಂಟರು ಮಾತ್ರ ಫಿಸಿಯೋ ಇದೆಯಲ್ಲ, ಇದು ಸುಮ್ನೆ ಖರ್ಚು ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ನಡೆಯಲು ಬಂದರೆ ಸಾಕಾ, ಬಚ್ಚಲಿಗೆ ಹೋದ ಮೇಲೆ ಸ್ನಾನ ತಾವೇ ಮಾಡಬೇಕಲ್ವಾ?

ಮಾಡಿಸಿದವರು ದಯವಿಟ್ಟು ಹೇಳಿ. ಥೆರಪಿಸ್ಟ್ ಮನೆಗೇ ಬಂದು ಬಚ್ಚಲು, ಮಂಚದ ಎತ್ತರ, ಹಿಡಿಕೆ ಹಾಕುವ ಜಾಗ ನೋಡಿದರೆ ಜಾಸ್ತಿ ಉಪಯೋಗವಾ? ಬೆರಳು ಮಡಚಿಕೊಳ್ಳದಂತೆ ಹಾಕುವ ಸ್ಪ್ಲಿಂಟ್ ಯಾರಾದರೂ ಬಳಸಿದ್ದೀರಾ? ಎಡಗಡೆ ಗಮನ ಬರಲು ಮನೆಯಲ್ಲಿ ಏನು ಅಭ್ಯಾಸ ಮಾಡಿಸಿದಿರಿ? ಥೆರಪಿಸ್ಟ್ ಆಗಿರುವವರು ಗುಂಪಿನಲ್ಲಿದ್ದರೆ, ಮೊದಲ ಭೇಟಿಗೆ ಏನೇನು ಬರೆದಿಟ್ಟುಕೊಂಡು ಬರಬೇಕು ಅಂತಲೂ ತಿಳಿಸಿ.