ವಕೀಲರನ್ನು ಕೇಳಿ: ಖುಲಾಸೆಯಾದವರೆಲ್ಲ ನಿರಪರಾಧಿಗಳೇ?

ಹಾವೇರಿಯ ಸದಸ್ಯರು: ಜಾತ್ರೆಯ ಗಲಾಟೆಯೊಂದರ ದೂರಿನಲ್ಲಿ ನನ್ನ ತಮ್ಮನ ಹೆಸರನ್ನೂ ಸೇರಿಸಿದ್ದರು. ಸಾಕ್ಷಿಗಳು ತಿರುಗಿಬಿದ್ದುದರಿಂದ ಖುಲಾಸೆಯಾಯಿತು. ಈಗ ಅವನು ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾಗಿದ್ದಾನೆ. ನಮೂನೆಯಲ್ಲಿ 'ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿತ್ತೇ' ಎಂಬಲ್ಲಿ 'ಇಲ್ಲ' ಎಂದು ಬರೆದರೆ ಸಾಕೆಂದು ಸಂದೇಶವೊಂದು ಹರಿದಾಡುತ್ತಿದೆ. ಸರಿಯೇ?

ವಕೀಲರು: ದಯವಿಟ್ಟು ಹಾಗೆ ಬರೆಯಿಸಬೇಡಿ. ಆ ಸಂದೇಶವನ್ನು ಬರೆದವರು ನಿಮ್ಮ ತಮ್ಮನ ಕೆಲಸ ಹೋದಾಗ ಜವಾಬ್ದಾರರಾಗುವುದಿಲ್ಲ. ನಮೂನೆ ಕೇಳುತ್ತಿರುವುದು ಪ್ರಕರಣ ದಾಖಲಾಗಿತ್ತೇ ಎಂದೇ ಹೊರತು ಶಿಕ್ಷೆಯಾಯಿತೇ ಎಂದಲ್ಲ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, ಕೇಳಿದ ಮಾಹಿತಿಯನ್ನು ಅಭ್ಯರ್ಥಿ ಸತ್ಯವಾಗಿ ಕೊಡಬೇಕು. ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ನೇಮಕಾಧಿಕಾರಿ ಅದನ್ನು ಮನ್ನಿಸಬಹುದು, ಆದರೆ ಗಂಭೀರ ಪ್ರಕರಣದಲ್ಲಿ ತಾಂತ್ರಿಕ ಕಾರಣದಿಂದಲೋ ಸಂಶಯದ ಲಾಭದಿಂದಲೋ (ಅಪರಾಧ ಪೂರ್ತಿ ಸಾಬೀತಾಗದ್ದರಿಂದ) ಬಿಡುಗಡೆಯಾಗಿದ್ದರೆ ಪೂರ್ವಾಪರವನ್ನೆಲ್ಲ ಪರಿಶೀಲಿಸಬಹುದು. ಸತ್ಯ ಹೇಳಿದ ಮಾತ್ರಕ್ಕೆ ನೇಮಕ ಮಾಡಲೇಬೇಕೆಂದೂ ಇಲ್ಲ. ಆದುದರಿಂದ ತೀರ್ಪಿನ ದೃಢೀಕೃತ ಪ್ರತಿಯನ್ನು ತರಿಸಿ, ಕೊನೆಯ ಪುಟಗಳನ್ನು ಓದಿ. 'ಆರೋಪಿ ಸ್ಥಳದಲ್ಲಿ ಇದ್ದದ್ದಕ್ಕೆ ಯಾವ ಆಧಾರವೂ ಇಲ್ಲ' ಎಂದಿದೆಯೋ, 'ಸಂಶಯದ ಲಾಭ ನೀಡಿ' ಎಂದಿದೆಯೋ ಎಂಬುದರ ಮೇಲೆ ಅವನ ಮುಂದಿನ ದಾರಿ ನಿಂತಿದೆ. ಮೊದಲನೆಯ ಬಗೆಯದನ್ನು 'ಗೌರವಯುತ ಖುಲಾಸೆ' ಎನ್ನುತ್ತಾರೆ. ಆ ಮಾತು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇರಲಿಲ್ಲ, ಅದನ್ನು ಬೆಳೆಸಿದ್ದು ತೀರ್ಪುಗಳೇ. ಪ್ರಕರಣದ ಸಂಖ್ಯೆ, ಕಲಂ, ತೀರ್ಪಿನ ದಿನಾಂಕವನ್ನು ನಮೂನೆಯಲ್ಲಿ ಬರೆದು ಪ್ರತಿಯನ್ನು ಲಗತ್ತಿಸಲಿ.

ಶಿವಮೊಗ್ಗದ ಸದಸ್ಯರು: ಸಾಕ್ಷಿಗಳನ್ನು ಕೊಂಡುಕೊಂಡು ಹೊರಬಂದವನನ್ನೂ ನಿರಪರಾಧಿ ಎನ್ನಬೇಕೇ? ಇಂಥವರು ಪೊಲೀಸರಾಗಬೇಕೇ?

ಹಾವೇರಿಯ ಸದಸ್ಯರು: ಕೊಂಡುಕೊಂಡರೆಂದು ನಿಮಗೆ ಹೇಳಿದವರು ಯಾರು? ನಮ್ಮ ಊರನ್ನೇ ನೋಡದವರು ತೀರ್ಪು ಕೊಡುತ್ತಿದ್ದೀರಿ.

ವಕೀಲರು: ಅಪರಾಧ ಸಂಶಯಾತೀತವಾಗಿ ಸಾಬೀತಾಯಿತೇ ಎಂಬುದಷ್ಟನ್ನೇ ನ್ಯಾಯಾಲಯ ನೋಡುತ್ತದೆ. ಉಳಿದ ಜಗಳವನ್ನು ಇಲ್ಲಿ ಬೆಳೆಸಬೇಡಿ.

ತುಮಕೂರಿನ ಸದಸ್ಯರು: ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕನ್ನು ಬ್ಯಾಂಕಿಗೆ ಹಾಕಿ ಕೇಸು ಹೂಡಿದ್ದಾರೆ. ಸಾಬೀತಾಗುವವರೆಗೆ ನಾನು ನಿರಪರಾಧಿಯಲ್ಲವೇ? ಸುಮ್ಮನಿದ್ದರಾಯಿತಲ್ಲವೇ?

ವಕೀಲರು: ಸುಮ್ಮನಿದ್ದರೆ ಸೋಲುತ್ತೀರಿ. ಸಹಿ ನಿಮ್ಮದೆಂದಾದರೆ, ಸಾಲ ತೀರಿಸಲೆಂದೇ ಚೆಕ್ ಕೊಟ್ಟಿರೆಂದು ಚೆಕ್ ಪ್ರಕರಣಗಳಿಗೆ ಅನ್ವಯಿಸುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 139ರ ಪ್ರಕಾರ ನ್ಯಾಯಾಲಯ ಭಾವಿಸಿಕೊಳ್ಳುತ್ತದೆ. ಅದನ್ನು ಅಲುಗಾಡಿಸುವ ಹೊಣೆ ನಿಮ್ಮದು. ಅಷ್ಟು ಹಣ ಕೊಡುವ ಶಕ್ತಿ ದೂರುದಾರರಿಗೆ ಇತ್ತೇ ಎಂದು ಪಾಟೀಸವಾಲಿನಲ್ಲಿ ಕೇಳಿಸಿ.

ಬೀದರಿನ ಸದಸ್ಯರು: ನನ್ನದೂ ಖಾಲಿ ಚೆಕ್. ನಾನೇನು ಮಾಡಲಿ?

ವಕೀಲರು: ಮೇಲಿನದನ್ನು ಓದಿ.

ಕಲಬುರಗಿಯ ಸದಸ್ಯರು: ನನ್ನ ಚಿಕ್ಕಪ್ಪ ವಿಚಾರಣಾಧೀನ ಕೈದಿಯಾಗಿ ವರ್ಷಗಟ್ಟಲೆ ಒಳಗಿದ್ದು ಖುಲಾಸೆಯಾದರು. ಪರಿಹಾರ ಸಿಗುವುದೇ?

ಶಿವಮೊಗ್ಗದ ಸದಸ್ಯರು: 18 ತುಂಬುವವರೆಗೆ ಏನು ಮಾಡಿದರೂ ಅಪರಾಧವೇ ಅಲ್ಲವೆಂಬ ಸಂದೇಶ ಬಂದಿದೆ. ಎಲ್ಲರ ಉಪಯೋಗಕ್ಕೆ ಹಾಕುತ್ತಿದ್ದೇನೆ.

ವಕೀಲರು: ಯಾರಿಗೂ ಉಪಯೋಗವಿಲ್ಲ, ತೆಗೆಯಿರಿ. 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವಲ್ಲ. 7ರಿಂದ 12ರವರೆಗೆ ಮಗುವಿನ ತಿಳಿವಳಿಕೆಯನ್ನು ನೋಡಲಾಗುತ್ತದೆ. ಆಮೇಲೆ ಬಾಲ ನ್ಯಾಯ ಮಂಡಳಿಯಿದೆ. 16 ತುಂಬಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ, 2015ರ ಬಾಲ ನ್ಯಾಯ ಕಾಯ್ದೆಯಡಿ ಪ್ರಾಥಮಿಕ ಮೌಲ್ಯಮಾಪನದ ನಂತರ ವಯಸ್ಕನಂತೆಯೇ ವಿಚಾರಣೆ ನಡೆಯಬಹುದು. ಆ ಸಂದೇಶವನ್ನು ನಂಬಿ ಯಾರಾದರೂ ಮಗನನ್ನು ಠಾಣೆಗೆ ವಕೀಲರಿಲ್ಲದೆ ಕಳುಹಿಸಿದರೆ ಅನುಭವಿಸುವವನು ಆ ಹುಡುಗ.

ಶಿವಮೊಗ್ಗದ ಸದಸ್ಯರು: ಒಳ್ಳೆಯ ಮಾತಿನಲ್ಲಿ ಹೇಳಬಹುದಿತ್ತು.

ಹಾವೇರಿಯ ಸದಸ್ಯರು: ನೀವು ನನ್ನ ತಮ್ಮನ ಬಗ್ಗೆ ಹೇಳಿದ ಹಾಗೆಯೇ?

ಬೀದರಿನ ಸದಸ್ಯರು: ಮೇಲಿನದನ್ನು ಓದಿದೆ. ನನ್ನ ಚೆಕ್ಕಿನಲ್ಲಿ ಸಹಿಯೂ ನನ್ನದಲ್ಲ.

ವಕೀಲರು: ಅದನ್ನು ಮೊದಲೇ ಹೇಳಬೇಕಿತ್ತು. ಬ್ಯಾಂಕಿನಿಂದ ನಿಮ್ಮ ಮಾದರಿ ಸಹಿಯನ್ನು ತರಿಸಲು ಅರ್ಜಿ ಹಾಕಿಸಿ.